ಅಮಾನಿಕೆರೆ ವಾಕಿಂಗು, ನೂರು ಪುಟದ ನೋಟ್‌ಬುಕ್ಕು: ಸಭೆಯ ಕೌನ್ಸೆಲರ್ ಆದ ನನ್ನ ಅನುಭವ

"ನಮ್ಮ ಜನ ಬಾಯಿ ಬಿಡಲ್ಲ ಟೀಚರಮ್ಮ" ಅಂತ ತುಮಕೂರಿನ ನಮ್ಮ ಸಭೆಯ (ಅಂದರೆ ಚರ್ಚಿನ) ಹಿರಿಯರೊಬ್ಬರು ನಾಲ್ಕು ವರ್ಷದ ಹಿಂದೆ ನಕ್ಕಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಈಗ ಹೆಚ್ಚುಕಡಿಮೆ 30 ಹೆಣ್ಣುಮಕ್ಕಳು ನನ್ನ ಜೊತೆ ಕೂತು, ಅಲ್ಲ, ನಡೆದು ಮಾತಾಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಲಿತದ್ದು ಎಸಿಬಿಸಿಯಲ್ಲಿ, ಅಂದರೆ ಬೈಬಲ್ ಆಧಾರದ ಕೌನ್ಸೆಲರ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಯಲ್ಲಿ. ಅವರ ಲೆಕ್ಕ: 30 ಗಂಟೆ ಪಾಠ, 10 ಗಂಟೆ ಬೇರೆಯವರು ಮಾತಾಡಿಸುವುದನ್ನು ನೋಡುವುದು, ಪರೀಕ್ಷೆ, ಆಮೇಲೆ ಹಿರಿಯ ಕೌನ್ಸೆಲರ್ ಒಬ್ಬರ ಮೇಲ್ವಿಚಾರಣೆಯಲ್ಲಿ ನಾವೇ 50 ಗಂಟೆ ಮಾತಾಡಿಸುವುದು. ಪರೀಕ್ಷೆಯಲ್ಲೇ ನಾನು ಒದ್ದಾಡಿದ್ದು. ಉತ್ತರವೆಲ್ಲ ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಫೀಸು, ಪುಸ್ತಕ, ಬೆಂಗಳೂರಿಗೆ ರೈಲು, ಶನಿವಾರದ ಟ್ಯೂಷನ್ ಬಿಟ್ಟಿದ್ದು ಎಲ್ಲ ಸೇರಿ 60 ಸಾವಿರ ಹೋಗಿರಬೇಕು. ಮನೆಯವರಿಗೆ 40 ಅಂತ ಹೇಳಿದ್ದೇನೆ.

ಮೊದಲು ಬಂದವಳ ಗಂಡ ಕುಡಿಯುತ್ತಿದ್ದ. ಹತ್ತು ನಿಮಿಷಕ್ಕೇ ಮೂರು ಬೈಬಲ್ ವಚನ ಚೀಟಿಯಲ್ಲಿ ಬರೆದುಕೊಟ್ಟೆ, ಡಾಕ್ಟರು ಮಾತ್ರೆ ಬರೆದ ಹಾಗೆ. ಮಡಚಿ ಬೈಬಲ್ಲಿನೊಳಗೆ ಇಟ್ಟುಕೊಂಡು ಹೋದವಳು ಮತ್ತೆ ಬರಲಿಲ್ಲ. ಕೇಳುವ ಮುಂಚೆ ಉತ್ತರ ಕೊಡುವವನು ಮೂರ್ಖ ಅನ್ನೋ ಬೈಬಲ್ಲಿನ ಜ್ಞಾನೋಕ್ತಿ 18:13 ಬಗ್ಗೆ ಅದೇ ತಿಂಗಳು ಒಂದು ಪುಟ ಬರೆದಿದ್ದೆ ನೋಡಿ! ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸ್ತ್ರೀಯರ ಕೂಟದಲ್ಲಿ "ಒಂದು ಕುಟುಂಬಕ್ಕಾಗಿ ಪ್ರಾರ್ಥಿಸಿ" ಅಂದೆ, ಹೆಸರು ಹೇಳಲಿಲ್ಲ. ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಆರು ತಿಂಗಳು ಯಾರೂ ನನ್ನ ಹತ್ತಿರ ಸುಳಿಯಲಿಲ್ಲ.

ಹೆರಿಗೆಯಾದ ಮೇಲೆ ನಿದ್ದೆಯೇ ಬಾರದ ಹುಡುಗಿಗೆ ಬೈಬಲ್ಲಿನ ಕೀರ್ತನೆ ಓದು ಅಂದಿದ್ದೆ. ಅವಳಕ್ಕ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು, ಔಷಧಿಯಿಂದ ಸುಧಾರಿಸಿದಳು. ಸಾಯಬೇಕು ಅಂದ ಬೈಬಲ್ಲಿನ ಪ್ರವಾದಿ ಎಲೀಯನಿಗೂ ಮೊದಲು ಸಿಕ್ಕಿದ್ದು ನಿದ್ದೆ, ದೇವದೂತ ಕೊಟ್ಟ ರೊಟ್ಟಿ, ನೀರು ಅಲ್ವಾ? ಈಗ ನನ್ನ ಮೊದಲ ಪ್ರಶ್ನೆ ಊಟ, ನಿದ್ದೆ, ಮಾತ್ರೆ ಬಗ್ಗೆ. ಔಷಧಿ ಅಂದರೆ ಮೂಗು ಮುರಿಯುವವರು ನಮ್ಮಲ್ಲಿದ್ದಾರೆ, ವಾದಕ್ಕೆ ಹೋಗಲ್ಲ. ಗಂಡ ಹೊಡೆಯುತ್ತಾನೆ ಅಂದರೆ ಮೊದಲು ಅವಳು ಇರಲಿಕ್ಕೊಂದು ಜಾಗ ನೋಡುತ್ತೇನೆ. ವಚನ ಆಮೇಲೆ.

ವೆಸ್ಟ್ರಿಯಲ್ಲಿ, ಅಂದರೆ ಚರ್ಚಿನ ಪಕ್ಕದ ಕೋಣೆಯಲ್ಲಿ, ಕೂತರೆ ಕಿಟಕಿಯಲ್ಲಿ ಇಣುಕುವವರು ಜಾಸ್ತಿ. ವಾಕಿಂಗ್ ಅಂದರೆ ಯಾವ ಅತ್ತೆಯೂ ಬೇಡ ಅನ್ನಲ್ಲ. ಹಾಗಾಗಿ ಬೆಳಿಗ್ಗೆ ಆರಕ್ಕೆ ಅಮಾನಿಕೆರೆ. ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಮಾತು ತಾನೇ ಬರುತ್ತೆ. ಮೊದಲ ಎರಡು ದಿನ ನಾನು ವಚನವನ್ನೇ ಎತ್ತಲ್ಲ. ಮೂರನೇ ದಿನ ನೂರು ಪುಟದ ನೋಟ್‌ಬುಕ್ ಕೊಟ್ಟು ಕೀರ್ತನೆ 88 ಕೈಯಲ್ಲೇ ಬರೆದುಕೊಂಡು ಬಾ ಅನ್ನುತ್ತೇನೆ. ಒಬ್ಬಳು ಕೊನೆಯ ಸಾಲಿನ ಕೆಳಗೆ ಪೆನ್ನು ಇಟ್ಟುಕೊಂಡೇ ಕೇಳಿದಳು, "ಅಕ್ಕಾ, ಇದು ಕತ್ತಲೆಯಲ್ಲೇ ಮುಗೀತಾ?" ಹೂಂ ಅಂದೆ. ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತು ಮುಕ್ಕಾಲು ಗಂಟೆ ಅತ್ತಳು. ನಾಲ್ಕನೇ ದಿನ ಕೇಳುವ ಪ್ರಶ್ನೆ ಒಂದಿದೆ, ಅದನ್ನು ಇಲ್ಲಿ ಬರೆಯಲ್ಲ.

ನಡುವೆ ವಾಟ್ಸಾಪ್ ವಾಯ್ಸ್ ಮೆಸೇಜೂ ಮಾಡಿ ನೋಡಿದೆ. ಫೋನ್ ಮನೆಗೆಲ್ಲ ಒಂದೇ, ನನ್ನ ಮೆಸೇಜನ್ನು ಅತ್ತೆ ಮೊದಲು ಕೇಳಿಸಿಕೊಂಡರು. ಅಲ್ಲಿಗೆ ಬಿಟ್ಟೆ.

ಹೋದ ವರ್ಷ ಕಮಿಟಿ ನೋಟ್‌ಬುಕ್ಕಿಗೆ, ಟೀಗೆ ಅಂತ ತಿಂಗಳಿಗೆ 500 ರೂಪಾಯಿ ಮಂಜೂರು ಮಾಡಿತು. ಸೂಚಿಸಿದ್ದು ಅವತ್ತು ನಕ್ಕಿದ್ದ ಹಿರಿಯರೇ. ದುಡ್ಡು ಇನ್ನೂ ಕೈಗೆ ಬಂದಿಲ್ಲ.