ರೇಡಿಯೊದಲ್ಲಿ ಐವತ್ತರ ದಶಕದ ರಾಕ್ ಅಂಡ್ ರೋಲ್: ಹಾಡಿನ ಮೊದಲ ಎರಡು ಸೆಕೆಂಡು

ಐವತ್ತರ ದಶಕದ ರಾಕ್ ಅಂಡ್ ರೋಲ್ ನಿರೂಪಕನಿಗೆ ಪುರುಸೊತ್ತು ಕೊಡುವುದಿಲ್ಲ. ನೀರು ಕುಡಿಯುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ಒಂದು ಗಂಟೆಗೆ ನಾನು 18 ಹಾಡು ಹಾಕುತ್ತೇನೆ. ಸರಾಸರಿ 2 ನಿಮಿಷ 20 ಸೆಕೆಂಡಿನಂತೆ 42 ನಿಮಿಷ. ಎರಡು ಹಾಡಿಗೊಮ್ಮೆ 50 ಸೆಕೆಂಡು ಮಾತು, ಅಂದರೆ ಏಳೂವರೆ ನಿಮಿಷ. ಮಿಕ್ಕದ್ದು ಜಾಹೀರಾತು, ಜಿಂಗಲ್‌ಗಳಿಗೆ.

ಪ್ರತಿ ಹಾಡಿಗೂ ಒಂದು ಚೀಟಿ: ಗಾಯನ ಶುರುವಾಗುವ ಸೆಕೆಂಡು, ಒಟ್ಟು ಅವಧಿ, ಮುಗಿಯುವ ಬಗೆ. ಲಿಟಲ್ ರಿಚರ್ಡ್ 1955ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹಾಡಿದ 'ಟುಟ್ಟಿ ಫ್ರುಟ್ಟಿ' ಕೂಗಿನಿಂದಲೇ ಆರಂಭ. ಅದರ ಚೀಟಿಯಲ್ಲಿ ಬರೆದಿರುವುದು ಸೊನ್ನೆ. ಅಲ್ಲಿ ಒಂದಕ್ಷರವೂ ಹಾಡಿನ ಮೇಲೆ ಬೀಳಬಾರದು. ಕನ್ನಡದಲ್ಲಿ ಇನ್ನೊಂದು ತೊಡಕು: ವಾಕ್ಯದ ಕೊನೆಗೆ ಕ್ರಿಯಾಪದ ಬಂದು ಕೂರುತ್ತದೆ. 'ಲಿಟಲ್ ರಿಚರ್ಡ್ ಹಾಡನ್ನು ಈಗ ಕೇಳೋಣ' ಎಂದರೆ ಹೆಸರಿಗೂ ಹಾಡಿಗೂ ನಡುವೆ ಸತ್ತ ಜಾಗ ಉಳಿಯುತ್ತದೆ. 'ಕೇಳೋಣ' ಬಿಟ್ಟುಬಿಡಿ. 'ನ್ಯೂ ಆರ್ಲಿಯನ್ಸ್, 1955, ಲಿಟಲ್ ರಿಚರ್ಡ್' ಎಂದು ನಿಲ್ಲಿಸಿದರೆ ಕೂಗು ತಾನಾಗಿ ಬಂದು ಅಂಟಿಕೊಳ್ಳುತ್ತದೆ.

ಜೋಡಣೆಯಲ್ಲಿ ಕಿವಿ ಮೋಸ ಹೋಗುವುದುಂಟು. ಎಲ್ವಿಸ್ 1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೊದಲ್ಲಿ ಮುದ್ರಿಸಿದ 'ದಟ್ಸ್ ಆಲ್ ರೈಟ್'ನಲ್ಲಿ ಡ್ರಮ್ಸ್ ಇಲ್ಲ. ಎರಡು ಗಿಟಾರು, ಒಂದು ಡಬಲ್ ಬಾಸ್, ಅಷ್ಟೇ. ಅದೇ ಕಾಲದ ಗಾಯಕ ಬಿಲ್ ಹೇಲಿಯ ಬ್ಯಾಂಡಿನ ಗದ್ದಲದ ಬೆನ್ನಿಗೇ ಹಾಕಿದರೆ ಅದು ಸಪ್ಪೆ. ಮಾತಿನ ನಂತರ ಹಾಕಿದರೆ ಅದೇ ಹಾಡಿಗೆ ಎಲ್ಲಿಲ್ಲದ ಜೀವ.

45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತಿನ) ತಟ್ಟೆಯನ್ನು ಕ್ಯೂ ಮಾಡಲು, ಅಂದರೆ ಒತ್ತಿದೊಡನೆ ಹಾಡು ಬರುವಂತೆ ಸಜ್ಜಾಗಿಡಲು, ಮೊದಲ ಸದ್ದು ಸಿಕ್ಕಲ್ಲಿಂದ ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತೇನೆ: ಮೋಟಾರು ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಪ್ಲೇಯರ್ ಆದರೆ ಕಾಲು ಸುತ್ತು, ಬೆಲ್ಟ್‌ನಿಂದ ತಿರುಗುವುದಾದರೆ ಅರ್ಧ ಸುತ್ತು ಅಥವಾ ಇನ್ನೂ ಹೆಚ್ಚು. ಕಡಿಮೆಯಾದರೆ ವೇಗ ಕೂಡುವ ಮೊದಲೇ ಹಾಡು ಬಂದು ಸ್ವರ ಜಾರುತ್ತದೆ. ಆದರೆ ಅಮೆರಿಕದ ಹಲವು 45ಗಳು ವಿನೈಲ್ ಅಲ್ಲ, ಬೇಗ ಸವೆಯುವ ಸ್ಟೈರೀನ್ ಪ್ಲಾಸ್ಟಿಕ್. ಹಿಂದೆ ಮುಂದೆ ಉಜ್ಜಿದಷ್ಟೂ ಮುಳ್ಳು ಓಡುವ ಗೀರು ಮೊದಲ ಎರಡು ಸೆಕೆಂಡಿನಷ್ಟು ಸವೆದು 'ಸ್ಸ್' ಎನ್ನತೊಡಗುತ್ತದೆ, ಮರಳಿ ಬಾರದು. ಅಂಥದ್ದನ್ನು ಒಮ್ಮೆ ಕಂಪ್ಯೂಟರಿಗೆ ಇಳಿಸಿ, ಪ್ರಸಾರಕ್ಕೆ ಫೈಲನ್ನೇ ಬಳಸುತ್ತೇನೆ. ಇಳಿಸುವಾಗ ಸದ್ದಿನ ಅತಿ ಜೋರಿನ ಮಟ್ಟ (ಪೀಕ್) ಮೈನಸ್ 6 ಡೆಸಿಬೆಲ್ ದಾಟದಿದ್ದರೆ ಸಾಕು.

ಮಾನೊ (ಒಂದೇ ಚಾನೆಲ್ಲಿನ) 45ಕ್ಕೆ 25 ಮೈಕ್ರಾನಿನ ಮುಳ್ಳು, ನಿಮಿಷಕ್ಕೆ 78 ಸುತ್ತಿನ ಹಳೆಯ ಅರಗಿನ ತಟ್ಟೆಗೆ, ಅಂದರೆ 78ಕ್ಕೆ, ಸುಮಾರು 75. ಸಣ್ಣ ಮುಳ್ಳು 78ರ ಗೀರಿನ ತಳಕ್ಕಿಳಿದು ಬರೀ ಕರಕರ ಕೇಳಿಸುತ್ತದೆ. ಎಡ, ಬಲ ಚಾನೆಲ್ ಕೂಡಿಸಿ ಮಾನೊ ಮಾಡಿದರೆ ಪ್ಲೇಯರ್‌ನ ಗುಡುಗುಡು ಸದ್ದು ಸಾಕಷ್ಟು ಅಡಗುತ್ತದೆ. 78ನ್ನು ಸ್ಪಿರಿಟ್‌ನಿಂದ ಒರೆಸಿದಿರೋ, ಅರಗು ಕರಗಿಹೋಯಿತು! ಡಿಸ್ಟಿಲ್ಡ್ ವಾಟರ್, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ, ಲೇಬಲ್ ನೆನೆಯಬಾರದು.

ಅರವತ್ತರ ದಶಕದ ಕೆಲವು ಮರುಮುದ್ರಣದ ಎಲ್‌ಪಿಗಳಲ್ಲಿ ಮಾನೊ ಹಾಡನ್ನು ಕೃತಕವಾಗಿ ಸ್ಟೀರಿಯೊ ಮಾಡಿರುತ್ತಾರೆ. ಅವನ್ನು ಮತ್ತೆ ಮಾನೊ ಮಾಡಿದರೆ ಗಾಯಕ ಬಾವಿಯೊಳಗಿಂದ ಹಾಡಿದಂತಿರುತ್ತದೆ. ಆಗ ಎರಡರಲ್ಲಿ ಚೆನ್ನಾಗಿ ಕೇಳುವ ಒಂದೇ ಚಾನೆಲ್ ತೆಗೆದುಕೊಳ್ಳಿ, ಇಲ್ಲವೇ ಮೂಲ 45 ಹುಡುಕಿ.