ಪೇಪರ್ ಟೌನ್ ಕಥೆ ಬರೆದಿಡುವುದು ಹೇಗೆ?

ಭದ್ರಾವತಿಯ ಕಾಗದದ ಮಿಲ್ಲಿನ ಊರಾದ ಪೇಪರ್ ಟೌನ್‌ನಲ್ಲಿ ಬೆಳೆದವರು ಈಗ ಎಲ್ಲೆಲ್ಲೋ ಇದ್ದಾರೆ. ಮಿಲ್ಲಿನಲ್ಲಿ ದುಡಿದವರಿಗೆ ವಯಸ್ಸಾಗುತ್ತಿದೆ. ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ ಈಗಲೇ ಕೂತು ಬರೆದುಕೊಳ್ಳಿ, ಮುಂದಿನ ರಜಕ್ಕೆ ನೋಡೋಣ ಅನ್ನಬೇಡಿ.

ಮೊದಲು ಒಂದು ಹಾಳೆಯಲ್ಲಿ ಮುಖ್ಯ ವರ್ಷಗಳನ್ನು ಹಾಕಿಕೊಳ್ಳಿ. ಮೈಸೂರು ಪೇಪರ್ ಮಿಲ್ಸ್ ಹುಟ್ಟಿದ್ದು 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1977ರಲ್ಲಿ ಸರ್ಕಾರಿ ಕಂಪನಿ ಆಯಿತು. 80ರ ದಶಕದಲ್ಲಿ ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚು ಹಾಕುವ ಕಾಗದ) ಬಂತು, ಸಕ್ಕರೆ ಕಾರ್ಖಾನೆಯೂ ಬಂತು. 2015ರಲ್ಲಿ ಉತ್ಪಾದನೆ ನಿಂತಿತು. "ನನ್ನ ಮದುವೆಯಾದ ಮರುವರ್ಷ ಪರ್ಮನೆಂಟ್ ಆಯ್ತು" ಅಂತ ಅಜ್ಜ ಹೇಳಿದರೆ ಅದು ಯಾವ ಕಾಲ ಅಂತ ಈ ಹಾಳೆ ನೋಡಿದರೆ ಗೊತ್ತಾಗುತ್ತದೆ.

ಮಿಲ್ ಯಾಕೆ ಮುಚ್ಚಿತು ಅಂತ ಮೊದಲೇ ಕೇಳಬೇಡಿ. ಹಳೇ ಮಿಷಿನ್, ನಷ್ಟ, ಹೊರದೇಶದ ಅಗ್ಗದ ಕಾಗದ, ರಾಜಕೀಯ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು ಮಿಲ್ಲಿಗೆ ಲಾರಿಯಲ್ಲಿ ಏನು ಬರುತ್ತಿತ್ತು ಅಂತ ಕೇಳಿ. ಬಿದಿರು ಯಾವ ಕಾಡಿಂದ ಬರುತ್ತಿತ್ತು, ನೀಲಗಿರಿ ಯಾವಾಗ ಜಾಸ್ತಿ ಆಯಿತು, ಅಕೇಶಿಯಾ ಯಾವಾಗ ಬಂತು, ಕಬ್ಬಿನ ಗಾಡಿಗಳು ಎಲ್ಲಿ ಸಾಲಾಗಿ ನಿಲ್ಲುತ್ತಿದ್ದವು? ಹೀಗೆ ಕೇಳಿದರೆ ಊರಿನ ಕಥೆ ಮಿಲ್ಲಿನ ಗೇಟು ದಾಟಿ ಮಲೆನಾಡಿನ ತುಂಬ ಹರಡುತ್ತದೆ. ಮಿಲ್ ನಿಂತರೂ ಅದಕ್ಕಾಗಿ ನೆಟ್ಟ ತೋಪುಗಳು ನಿಂತೇ ಇವೆ. 2020ರಲ್ಲಿ ಮಿಲ್ಲಿಗೆ ಕೊಟ್ಟಿದ್ದ ಆ ತೋಪುಗಳ ಅರಣ್ಯ ಭೂಮಿಯ ಗುತ್ತಿಗೆಯನ್ನು ಸರ್ಕಾರ ಮುಂದುವರಿಸಿದಾಗ ಶಿವಮೊಗ್ಗದ ಜನ ಅಕೇಶಿಯಾ ಬೇಡ ಅಂತ ಹೋರಾಟಕ್ಕೆ ಇಳಿದರು. ಇದನ್ನು ಬಿಟ್ಟು ಪೇಪರ್ ಟೌನ್ ಬಗ್ಗೆ ಬರೆದರೆ ನನ್ನ ಪ್ರಕಾರ ಅರ್ಧ ಕಥೆಯೇ.

ಆಮೇಲೆ ಹಳೇ ಟ್ರಂಕ್ ತೆಗೆಸಿ. ಒಂದೇ ಒಂದು ಪೇ ಸ್ಲಿಪ್ ಸಿಕ್ಕರೂ ಸಾಕು. ಅದರಲ್ಲಿ ಬಂದ ಸಂಬಳಕ್ಕಿಂತ ಹಿಡಿದುಕೊಂಡ ದುಡ್ಡಿನ ಕಡೆ ನೋಡಿ: ಕ್ವಾರ್ಟರ್ಸ್ ಬಾಡಿಗೆ, ಪಿಎಫ್, ಸೊಸೈಟಿ ಸಾಲದ ಕಂತು. ಒಂದೊಂದರ ಮೇಲೂ ಬೆರಳಿಟ್ಟು "ಈ ಸಾಲ ಯಾತಕ್ಕೆ ತಗೊಂಡಿದ್ರಿ?" ಅಂತ ಕೇಳಿ. ತಂಗಿಯ ಮದುವೆಯೋ, ಸೈಟೋ, ಮಗನ ಕಾಲೇಜ್ ಫೀಸೋ, ಎಲ್ಲ ಹೊರಗೆ ಬರುತ್ತದೆ.

ಗಂಡಸರ ಹತ್ತಿರ ಮಾತ್ರ ಕೂರಬೇಡಿ. ನೈಟ್ ಶಿಫ್ಟ್ ಮುಗಿಸಿ ಬಂದವರು ಹಗಲು ಮಲಗಿದಾಗ ಮಕ್ಕಳನ್ನು ಸದ್ದು ಮಾಡದ ಹಾಗೆ ಹಿಡಿದಿಟ್ಟವರು ಮನೆಯ ಹೆಂಗಸರು ಅಲ್ವಾ? ಕಾಂಟ್ರ್ಯಾಕ್ಟ್ ಕೆಲಸದವರು, ಮರ ಕಡಿದವರು, ಗೇಟಿನ ಎದುರು ಹೋಟೆಲ್ ಇಟ್ಟವರನ್ನೂ ಹುಡುಕಿ. ವಿಆರ್‌ಎಸ್ (ಸ್ವಯಂ ನಿವೃತ್ತಿ) ದುಡ್ಡಿನ ಲೆಕ್ಕದಲ್ಲಿ ಇವರ ಹೆಸರು ಸಿಗುವುದಿಲ್ಲ.

ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ. ಫೋಟೋ ಸಿಕ್ಕರೆ ಅದರಲ್ಲಿ ಇರುವವರ ಹೆಸರು ಅಲ್ಲೇ ಬರೆದುಕೊಳ್ಳಿ. ಬರೆದು ಮುಗಿದ ಮೇಲೆ ಹೇಳಿದವರಿಗೇ ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಒಂದು ಪ್ರತಿ ಅವರ ಮನೆಯಲ್ಲೇ ಇರಲಿ.