ಕತೆ ಅಂದರೆ ಕತ್ತೆ ಅಂತ ಕೇಳಿಸಿಕೊಂಡ ಹುಡುಗ

“ಕತೆ ಹೇಳ್ತೀನಿ ಬಾರೋ ಅಂದ್ರೆ, ಕತ್ತೆ ಎಲ್ಲಿದೆಯಮ್ಮಾ ಅಂತಾನೆ ಮೇಡಂ.” ಒಂಬತ್ತು ವರ್ಷದ ಹುಡುಗನ ತಾಯಿ ಇಷ್ಟು ಹೇಳಿ ಕಣ್ಣೊರೆಸಿಕೊಂಡರು. ಎರಡು ವರ್ಷದಿಂದ ಅವನಿಗೆ ಫಿಟ್ಸ್, ಮಾತ್ರೆ ನಡೆಯುತ್ತಿತ್ತು. ಆರು ತಿಂಗಳ ಹಿಂದೆ ಅವನ ಕಿವಿ ಪರೀಕ್ಷಿಸಿ ‘ಶ್ರವಣ ಸಾಮಾನ್ಯ’ ಎಂದು ಬರೆದು ಸಹಿ ಹಾಕಿದವಳು ನಾನೇ. ಆ ರಿಪೋರ್ಟ್ ನೋಡಿ ಶಾಲೆಯವರು, ಕಿವಿ ಸರಿಯಿದೆ, ಹುಡುಗನಿಗೆ ಗಮನವಿಲ್ಲ ಅಷ್ಟೇ ಅಂದುಕೊಂಡಿದ್ದರು. ಆ ಸಂಕಟ ನನಗೆ ಇನ್ನೂ ಇದೆ.

ಆ ಪರೀಕ್ಷೆಯ ನಕ್ಷೆ, ಆಡಿಯೋಗ್ರಾಂ, ಹೇಳುವುದು ಎಷ್ಟು ಸಣ್ಣ ದನಿ ಕೇಳಿಸುತ್ತದೆ ಎಂಬುದನ್ನು ಮಾತ್ರ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ದನಿಯ ಜೋರಿನಲ್ಲಿಲ್ಲ, ನಾಲಿಗೆ ಹಲ್ಲಿಗೆ ತಾಗಿ ನಿಲ್ಲುವ ಹೊತ್ತಿನಲ್ಲಿದೆ. ಆ ಚೂರು ಮೌನವನ್ನು ಅಳೆಯುವುದರಲ್ಲಿ ಕಿವಿಯ ಹತ್ತಿರವಿರುವ ಮೆದುಳಿನ ಭಾಗ, ಟೆಂಪೊರಲ್ ಹಾಲೆಗೆ ದೊಡ್ಡ ಪಾಲಿದೆ. ಇವನ ಇಇಜಿಯಲ್ಲಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆಯಲ್ಲಿ, ಫಿಟ್ಸ್ ಸೂಚಿಸುವ ಚೂಪು ಅಲೆಗಳು (ಸ್ಪೈಕ್‌ಗಳು) ಕಂಡಿದ್ದೂ ಬಲಗಡೆಯ ಆ ಹಾಲೆಯಲ್ಲೇ.

ಈ ಸಲ ‘ಗ್ಯಾಪ್ಸ್ ಇನ್ ನಾಯ್ಸ್’ ಪರೀಕ್ಷೆ ಇಟ್ಟುಕೊಂಡೆ. ಹೆಡ್‌ಫೋನಿನಲ್ಲಿ ಆರು ಸೆಕೆಂಡ್ ‘ಶ್’ ಎನ್ನುವ ಸದ್ದು, ನಡುವೆ 2ರಿಂದ 20 ಮಿಲಿಸೆಕೆಂಡಿನ ಬಿಡುವು. ಬಿಡುವು ಗೊತ್ತಾದ ಕೂಡಲೇ ಗುಂಡಿ ಒತ್ತಬೇಕು. ಒಂದೊಂದು ಅಳತೆಯ ಬಿಡುವು ಆರು ಸಲ ಬರುತ್ತದೆ, ನಾಲ್ಕು ಸಲ ಹಿಡಿದರೆ ಸಾಕು. ಸಾಮಾನ್ಯವಾಗಿ 5 ಮಿಲಿಸೆಕೆಂಡ್ ಆಸುಪಾಸಿನದು ಸಿಕ್ಕಿಬಿಡುತ್ತದೆ.

ಮೊದಲ ಸುತ್ತಿನಲ್ಲಿ ಅವನು 15, 20ರ ಬಿಡುವುಗಳನ್ನೂ ಸಾಲಾಗಿ ಬಿಟ್ಟ. ಗಾಜಿನಾಚೆ ನೋಡಿದೆ. ಬೆರಳು ಗುಂಡಿಯ ಮೇಲೇ ಇತ್ತು, ಕಣ್ಣು ಎಲ್ಲೋ ನೆಟ್ಟಿತ್ತು, ತುಟಿ ಸಣ್ಣಗೆ ಚಪ್ಪರಿಸುತ್ತಿತ್ತು. ಸದ್ದು ನಿಲ್ಲಿಸಿ ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಮುಕ್ಕಾಲು ನಿಮಿಷ ಕಳೆದ ಮೇಲೆ ನನ್ನತ್ತ ತಿರುಗಿದ. ಆ ಅಂಕಗಳನ್ನು ಪೂರ್ತಿ ಕೈಬಿಟ್ಟೆ. ಹೀಗೆ ಫಿಟ್ಸ್ ಬಂದ ಗಳಿಗೆಯಲ್ಲಿ ಅಳೆದಿದ್ದು ಕೇಳುವ ಶಕ್ತಿಯ ಅಳತೆಯಲ್ಲ. ಸಮಯ ಬರೆದು ಅವನ ನರರೋಗ ತಜ್ಞರಿಗೆ ತಿಳಿಸಿದೆ.

ಹತ್ತು ದಿನ ಬಿಟ್ಟು, ಚೆನ್ನಾಗಿ ನಿದ್ದೆ ಮಾಡಿದ ಒಂದು ಬೆಳಿಗ್ಗೆ, ಸುತ್ತುಗಳನ್ನು ಚಿಕ್ಕದು ಮಾಡಿ ಮತ್ತೆ ಕೂರಿಸಿದೆ. ಬಲಗಿವಿ ಹಿಡಿದ ಅತಿ ಚಿಕ್ಕ ಬಿಡುವು 6 ಮಿಲಿಸೆಕೆಂಡ್, ಎಡಗಿವಿಯದು 12. ಕಿವಿಯಿಂದ ಹೊರಟ ದಾರಿಗಳಲ್ಲಿ ಹೆಚ್ಚಿನವು ಎದುರು ಬದಿಯ ಮೆದುಳಿಗೆ ಹೋಗುತ್ತವೆ, ಹಾಗಾಗಿ ಬಲಗಡೆಯ ಸ್ಪೈಕ್‌ಗಳಿಗೂ ಎಡಗಿವಿ ಹಿಂದೆ ಬಿದ್ದಿದ್ದಕ್ಕೂ ಲೆಕ್ಕ ತಾಳೆಯಾಯಿತು. ಎಲ್ಲ ಮಕ್ಕಳಲ್ಲೂ ಇಷ್ಟು ಅಚ್ಚುಕಟ್ಟಾಗಿ ಸಿಗುವುದಿಲ್ಲ, ಎರಡೂ ಕಿವಿ ಹಿಂದೆ ಬಿದ್ದವರನ್ನು ನೋಡಿದ್ದೇನೆ. ಮಾತ್ರೆಯ ಮಂಪರೂ ಸೇರಿಕೊಳ್ಳುತ್ತದೆ. ಕಾರ್ಬಮಾಜಪೀನ್ ಎಂಬ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಸ್ವರವೇ ಸ್ವಲ್ಪ ಇಳಿದಂತೆ ಕೇಳಿಸುವುದುಂಟು. ಯಾವ ಮಾತ್ರೆ, ಎಷ್ಟು ಹೊತ್ತಿಗೆ ನುಂಗಿದ ಎಂದು ಕೇಳದೆ ಈಗ ನಾನು ಹೆಡ್‌ಫೋನ್ ಹಾಕುವುದಿಲ್ಲ.

ಕೊನೆಗೆ ಚಿತ್ರದ ಕಾರ್ಡುಗಳನ್ನು ಹರಡಿದೆ: ಕರು–ಕಾರು, ಬಳೆ–ಬಾಳೆ. ನಿಧಾನಕ್ಕೆ ಹೇಳಿದರೆ ಒಂದೂ ತಪ್ಪಲಿಲ್ಲ. ತರಗತಿಯ ಗದ್ದಲ ಹಾಕಿ ಮೇಷ್ಟರ ವೇಗದಲ್ಲಿ ಹೇಳಿದಾಗ ‘ಬಾಳೆ’ಗೆ ಬಳೆಯ ಮೇಲೆ ಬೆರಳಿಟ್ಟ.

ರಿಪೋರ್ಟಿನಲ್ಲಿ ಇದನ್ನೆಲ್ಲ ಕನ್ನಡದಲ್ಲೇ ಬರೆದು ಶಾಲೆಗೆ ಕೊಟ್ಟೆ. ಬಲಗಿವಿ ಮೇಷ್ಟರ ಕಡೆಗಿರುವಂತೆ ಅವನನ್ನು ಮುಂದಿನ ಬೆಂಚಿಗೆ ಕೂರಿಸಿದರು. ಅವನಮ್ಮ ಈಗ ಟಿವಿ ಆರಿಸಿ, ಎದುರಿಗೆ ಕೂತು, ವಾಕ್ಯ ವಾಕ್ಯಕ್ಕೂ ಉಸಿರೆಳೆದುಕೊಂಡು ಕತೆ ಹೇಳುತ್ತಾರೆ.